ಅಫಿಲಿಯೇಟ್ ಕಮಿಷನ್‌ಗೆ 2% ಟಿಡಿಎಸ್ ಕಟ್ ಆಗಿದೆ, ಇನ್ನೂ ಟ್ಯಾಕ್ಸ್ ಕಟ್ಟಬೇಕಾ? ಸಂಬಳವೂ ಉಂಟು

ಕಾವಲಿ_ಕಡಾಯಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ನಾನು ಮಣಿಪಾಲದಲ್ಲಿ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಸಂಬಳ ವರ್ಷಕ್ಕೆ ಏಳೂವರೆ ಲಕ್ಷ. ಅದರ ಜೊತೆ ಅಡುಗೆಮನೆ ಸಾಮಾನಿನ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುತ್ತೇನೆ. ಮಿಕ್ಸಿ, ಟೇಬಲ್‌ಟಾಪ್ ಗ್ರೈಂಡರ್, ನೀರ್ ದೋಸೆ ಕಾವಲಿ, ಕಾಯಿ ತುರಿಯುವ ಮಿಷನ್, ಹೀಗೆ. ನಮ್ಮ ಕಡೆ ಅಕ್ಕಿ ರುಬ್ಬದೆ ದಿನ ಹೋಗುವುದಿಲ್ಲವಲ್ಲ, ಜನ ನೋಡುತ್ತಾರೆ. ವಿಡಿಯೋ ಕೆಳಗೆ ಲಿಂಕ್ ಹಾಕುತ್ತೇನೆ, ಆ ಲಿಂಕ್‌ನಿಂದ ಹೋಗಿ ಯಾರಾದರೂ ಕೊಂಡರೆ ನನಗೆ ಕಮಿಷನ್, ಇದಕ್ಕೇ ಅಫಿಲಿಯೇಟ್ ಅನ್ನುವುದು. 2025-26ರಲ್ಲಿ ಮಾರ್ಚ್‌ವರೆಗೆ ಬರಬಹುದಾದದ್ದೂ ಸೇರಿ ಸುಮಾರು 6.40 ಲಕ್ಷ ಆಗುವ ಹಾಗೆ ಕಾಣುತ್ತದೆ. ಕಳೆದ ವರ್ಷ ಇದರ ಕಾಲು ಭಾಗವೂ ಇರಲಿಲ್ಲ, ಹಾಗಾಗಿ ತಲೆಬಿಸಿ ಈಗ ಶುರು.

ಪ್ರತಿ ಸಲ ದುಡ್ಡು ಬರುವಾಗ 2% ಟಿಡಿಎಸ್ (ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಹಿಡಿದೇ ಕೊಡುತ್ತಾರೆ. ಅಲ್ಲಿಗೆ ನನ್ನ ಟ್ಯಾಕ್ಸ್ ಮುಗಿಯಿತಾ? ಮಂಗಳೂರಿನಲ್ಲಿರುವ ಅತ್ತೆ ಮಗ ಹೇಳುತ್ತಾನೆ, 44ಎಡಿ ಅಂತ ಒಂದು ಸೆಕ್ಷನ್ ಉಂಟು, ಬ್ಯಾಂಕಿಗೆ ಬಂದ ದುಡ್ಡಾದರೆ ಬರೀ 6% ಲಾಭ ತೋರಿಸಿದರೆ ಸಾಕು, ಬಿಲ್ಲು ಗಿಲ್ಲು ಎಂತದ್ದೂ ಬೇಡ ಅಂತ. ಆಫೀಸಿನಲ್ಲಿ ಒಬ್ಬರು ಹೇಳುವುದು ಬೇರೆ: ಅಫಿಲಿಯೇಟ್ ಅಂದಮೇಲೆ ಮೊದಲ ದಿನದಿಂದಲೇ ಜಿಎಸ್‌ಟಿ ಬೇಕು ಅಂತ. ಯಾರನ್ನು ನಂಬುವುದು? 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ದು ನೆನಪುಂಟು, ನನ್ನದು ಎರಡೂ ಕೂಡಿಸಿದರೆ ಅದರ ಆಸುಪಾಸು ಬರುತ್ತದೆ.

ಡಿಸೆಂಬರ್ 15ಕ್ಕೆ ಏನೋ ಕಟ್ಟಬೇಕು ಅಂತಲೂ ಓದಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

---

ಪಡುಬಿದ್ರಿ_ಎಕ್ಸ್‌ಪ್ರೆಸ್

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ಮಾರಾಯ್ರೆ ಟೆನ್ಶನ್. ಅಮ್ಮನ ಪ್ಯಾನ್ ಹಾಕಿ, ಅವರ ಅಕೌಂಟಿಗೆ ಬರಲಿ. ಅವರಿಗೆ ಬೇರೆ ಆದಾಯ ಇಲ್ಲದಿದ್ದರೆ ಟ್ಯಾಕ್ಸೂ ಇಲ್ಲ, ಹಿಡಿದ ಟಿಡಿಎಸ್ ಕೂಡ ವಾಪಸ್. ಸುಮಾರು ಜನ ಮಾಡುವುದು ಇದನ್ನೇ.

---

ಅತ್ತಾವರದ_ಲೆಕ್ಕಿಗ, ಮಂಗಳೂರು

ಮೊದಲು ಮೇಲಿನವರಿಗೆ. ಚಾನೆಲ್ ಅವರದ್ದು, ಮುಖ ಅವರದ್ದು, ಕೆಲಸ ಅವರದ್ದು. ಹಾಗಾಗಿ ಆದಾಯವೂ ಅವರದ್ದೇ. ಪ್ಯಾನ್ ಬದಲಾಯಿಸಿದ ಮಾತ್ರಕ್ಕೆ ಆದಾಯ ಅಮ್ಮನದ್ದಾಗುವುದಿಲ್ಲ. ಪ್ರಶ್ನೆ ಬಂದ ದಿನ ಉತ್ತರ ಕೊಡಬೇಕಾದವರು ಆ ತಾಯಿ. ಅವರನ್ನು ಸುಮ್ನೆ ಯಾಕೆ ಸಿಕ್ಕಿಸುವುದು?

ಈಗ ಕಾವಲಿಯವರಿಗೆ. ನಾನು ಒಂದು ಸಿಎ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಇಂಥ ಫೈಲು ಈಚೆಗೆ ಜಾಸ್ತಿ ಬರುತ್ತಿವೆ.

ಟಿಡಿಎಸ್ ಅಂದರೆ ನಿಮ್ಮ ಟ್ಯಾಕ್ಸ್ ಅಲ್ಲ, ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಮುಂಗಡ ಜಮಾ ಆದ ದುಡ್ಡು. ಕಮಿಷನ್ ಮೇಲೆ ಹಿಡಿಯುವುದು 194ಎಚ್ ಸೆಕ್ಷನ್‌ನಲ್ಲಿ. ಮೊದಲು 5% ಇತ್ತು, 2024ರ ಅಕ್ಟೋಬರ್ 1ರಿಂದ 2% ಆಯಿತು. ಒಬ್ಬರೇ ಕೊಡುವ ಮೊತ್ತ ವರ್ಷಕ್ಕೆ 20,000 ದಾಟದಿದ್ದರೆ ಹಿಡಿಯುವುದಿಲ್ಲ, ಈ ಮಿತಿ 2025ರ ಏಪ್ರಿಲ್‌ವರೆಗೆ 15,000 ಇತ್ತು. ಪ್ಯಾನ್ ಕೊಡದಿದ್ದರೆ 20% ಹೋಗುತ್ತದೆ, ಆದ್ದರಿಂದ ಪ್ರತಿ ಅಫಿಲಿಯೇಟ್ ಪ್ರೋಗ್ರಾಂನಲ್ಲೂ ಪ್ಯಾನ್ ಸರಿ ಉಂಟಾ ನೋಡಿ. ಟಿಡಿಎಸ್ ಹಿಡಿಯದ ಸಣ್ಣಪುಟ್ಟ ಕಮಿಷನ್ ಕೂಡ ಆದಾಯವೇ. ಗಿಫ್ಟ್ ಕಾರ್ಡ್ ರೂಪದಲ್ಲಿ ಬಂದರೂ ಆದಾಯವೇ. ರೇಟು 5ರಿಂದ 2ಕ್ಕೆ ಇಳಿದದ್ದಕ್ಕೆ ತುಂಬಾ ಜನ ಟ್ಯಾಕ್ಸೇ ಕಮ್ಮಿಯಾಯಿತು ಅಂತ ಖುಷಿಪಟ್ಟರು. ಕಮ್ಮಿಯಾದದ್ದು ಹಿಡಿಯುವುದು ಮಾತ್ರ.

44ಎಡಿ ನಿಮಗೆ ಸಿಗುವುದಿಲ್ಲ. ನಿಮ್ಮ ಅತ್ತೆ ಮಗ ಹೇಳಿದ 6% ಅಂಗಡಿ ವ್ಯಾಪಾರದವರಿಗೆ ಸರಿ. ಆದರೆ ಅದೇ ಸೆಕ್ಷನ್‌ನ 6ನೇ ಉಪವಿಭಾಗ ಓದಿ: ಕಮಿಷನ್ ಅಥವಾ ಬ್ರೋಕರೇಜ್ ಆದಾಯ ಇರುವವರಿಗೆ ಇದು ಅನ್ವಯ ಇಲ್ಲ ಅಂತ ನೇರವಾಗಿ ಬರೆದಿದೆ. ನಿಮಗೆ ಟಿಡಿಎಸ್ ಹಿಡಿದದ್ದೇ ಕಮಿಷನ್ ಸೆಕ್ಷನ್‌ನಲ್ಲಿ. ರಿಟರ್ನ್‌ನಲ್ಲಿ ಬೇರೆ ಹೆಸರು ಹಾಕಿದರೂ 26ಎಎಸ್‌ನಲ್ಲಿ (ನಿಮ್ಮ ಪ್ಯಾನ್‌ಗೆ ಹಿಡಿದ ಟಿಡಿಎಸ್‌ನ ಸರ್ಕಾರಿ ಪಟ್ಟಿ) 194ಎಚ್ ಅಂತ ಕಾಣುತ್ತಿರುತ್ತದೆ. ನೀವು ನಿಜವಾದ ಲಾಭ-ನಷ್ಟದ ಲೆಕ್ಕ ಮಾಡಿ ಐಟಿಆರ್-3 ಅನ್ನುವ ರಿಟರ್ನ್ ಫಾರಂ ಹಾಕಬೇಕು. ಸಂಬಳದವರು ಹಾಕುವ ಐಟಿಆರ್-1 ಆಗುವುದಿಲ್ಲ.

ಈಗ ನಿಮ್ಮದೇ ಅಂಕಿ ಹಿಡಿದು ನೋಡುವಾ. ಹೊಸ ತೆರಿಗೆ ಪದ್ಧತಿ, ಹಣಕಾಸು ವರ್ಷ 2025-26.

ಸಂಬಳ 7,50,000. ಸ್ಟಾಂಡರ್ಡ್ ಡಿಡಕ್ಷನ್ 75,000 ಕಳೆದರೆ 6,75,000. ಕಮಿಷನ್ 6,40,000 ಪೂರ್ತಿ ಸೇರಿಸಿದರೆ 13,15,000. ಇದಕ್ಕೆ ಟ್ಯಾಕ್ಸ್ 77,250, ಅದರ ಮೇಲೆ 4% ಸೆಸ್, ಒಟ್ಟು 80,340. ಹಿಡಿದ ಟಿಡಿಎಸ್ ಹೆಚ್ಚೆಂದರೆ 12,800. ಬಾಕಿ 67,540 ನಿಮ್ಮ ಕೈಯಿಂದಲೇ.

ಈಗ ಖರ್ಚು ಕಳೆಯಿರಿ. ಲೈಟು, ಮೈಕು, ಎಡಿಟ್ ಮಾಡುವ ಹುಡುಗನಿಗೆ ಕೊಟ್ಟದ್ದು, ಇಂಟರ್ನೆಟ್, ಜಾಹೀರಾತಿಗೆ ಹಾಕಿದ್ದು, ಎಲ್ಲ ಸೇರಿ 1,10,000 ಅಂತ ಇಟ್ಟುಕೊಳ್ಳಿ. ಒಟ್ಟು ಆದಾಯ 12,05,000 ಆಗುತ್ತದೆ. ಟ್ಯಾಕ್ಸ್ ಎಷ್ಟು ಗೊತ್ತುಂಟಾ? ಸೆಸ್ ಸೇರಿ 5,200. ಅಷ್ಟೇ. ಸ್ಲ್ಯಾಬ್ ಪ್ರಕಾರ 60,750 ಬರುತ್ತದೆ, ಆದರೆ 12 ಲಕ್ಷ ದಾಟಿದ್ದು ಬರೀ 5,000, ಅದಕ್ಕಿಂತ ಜಾಸ್ತಿ ಟ್ಯಾಕ್ಸ್ ಹಾಕುವ ಹಾಗಿಲ್ಲ. ಇದಕ್ಕೆ ಮಾರ್ಜಿನಲ್ ರಿಲೀಫ್ ಅಂತಾರೆ. ಟಿಡಿಎಸ್ 12,800 ಆಗಲೇ ಹೋಗಿರುವುದರಿಂದ ನಿಮಗೇ 7,600 ವಾಪಸ್ ಬರುತ್ತದೆ.

ಒಂದು ಲಕ್ಷದ ಹತ್ತು ಸಾವಿರದ ಬಿಲ್ಲು ಇಟ್ಟದ್ದಕ್ಕೆ 75 ಸಾವಿರ ರೂಪಾಯಿ ವ್ಯತ್ಯಾಸ. ಮೇಲೆ ಒಬ್ಬರು ಇಷ್ಟು ಸಣ್ಣ ಮೊತ್ತ ಅಂದರಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಇದೇ ಲೆಕ್ಕದ ಇನ್ನೊಂದು ಮುಖ. 12 ಲಕ್ಷದಿಂದ ಸುಮಾರು 12.70 ಲಕ್ಷದವರೆಗೆ ನೀವು ಹೆಚ್ಚು ದುಡಿದ ಪ್ರತಿ ರೂಪಾಯಿಯೂ ಟ್ಯಾಕ್ಸಿಗೇ ಹೋಗುತ್ತದೆ, ಮೇಲೆ ಸೆಸ್ ಬೇರೆ. ನೀವು ನಿಂತಿರುವುದು ಸರಿಯಾಗಿ ಆ ಜಾಗದಲ್ಲಿ. ಮಾರ್ಚ್‌ನಲ್ಲಿ ಕಮಿಷನ್ ಚೆನ್ನಾಗಿ ಬಂದರೂ ಕೈಯಲ್ಲಿ ಉಳಿಯಲಿಲ್ಲವಲ್ಲ ಅಂತ ಅನಿಸಿದರೆ ಕಾರಣ ಇದೇ. ನಿಮ್ಮ ಕಂಪನಿ ಎನ್‌ಪಿಎಸ್ (ಪಿಂಚಣಿ ಯೋಜನೆ) ಕೊಡುತ್ತದಾ ಕೇಳಿ. ಕಂಪನಿ ಕಡೆಯಿಂದ ಹಾಕುವ ಎನ್‌ಪಿಎಸ್‌ಗೆ ಹೊಸ ಪದ್ಧತಿಯಲ್ಲೂ ಮೂಲ ಸಂಬಳದ 14%ವರೆಗೆ ವಿನಾಯಿತಿ ಉಂಟು. ಅದೊಂದರಿಂದಲೇ ನೀವು 12 ಲಕ್ಷದ ಕೆಳಗೆ ಇಳಿಯಬಹುದು.

ಖರ್ಚಿನ ವಿಷಯದಲ್ಲಿ ಹುಷಾರು. ಲ್ಯಾಪ್‌ಟಾಪ್ ಕೊಂಡರೆ ಪೂರ್ತಿ ಬೆಲೆ ಒಂದೇ ವರ್ಷ ಕಳೆಯಲು ಆಗುವುದಿಲ್ಲ, ಸವಕಳಿ (ಹಳತಾಗುವ ಲೆಕ್ಕದಲ್ಲಿ ವರ್ಷವರ್ಷ ಕಳೆಯುವ ಪಾಲು) ಮಾತ್ರ, ವರ್ಷಕ್ಕೆ 40%. ಈಗ, 2025ರ ನವೆಂಬರ್‌ನಲ್ಲಿ, ಕೊಂಡರೆ 180 ದಿನ ಆಗುವುದಿಲ್ಲ, ಅರ್ಧ, ಅಂದರೆ 20% ಸಿಗುತ್ತದೆ. ಕ್ಯಾಮೆರಾ, ಫೋನಿಗೆ 15%. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ, ಎಡಿಟರ್‌ಗೆ ಬ್ಯಾಂಕಿನಿಂದಲೇ ಕಳಿಸಿ. ಮತ್ತೆ ಈ ಗ್ರೈಂಡರ್ ವಿಷಯ. ವಿಡಿಯೋಕ್ಕೆ ಅಂತ ಕೊಂಡು, ವಿಡಿಯೋ ಮುಗಿದ ಮೇಲೆ ಮನೆಯ ಇಡ್ಲಿಗೆ ಅದರಲ್ಲೇ ರುಬ್ಬಿದರೆ ಪೂರ್ತಿ ಖರ್ಚು ತೋರಿಸಿದ್ದು ಸರಿಯಾ? ನಾನಾದರೆ ತೋರಿಸುವುದಿಲ್ಲ. ಮಾರಿದ್ದರೆ ಮಾರಿದ ಬೆಲೆ ಆದಾಯಕ್ಕೆ ಹಾಕಿ, ಮನೆಗೆ ಇಟ್ಟುಕೊಂಡರೆ ಬಿಟ್ಟುಬಿಡಿ. ಮೆಸ್ಕಾಂ ಕರೆಂಟ್ ಬಿಲ್ಲನ್ನೂ ಪೂರ್ತಿ ತರಬೇಡಿ, ಒಂದು ಕೋಣೆಯ ಪಾಲು ಎಷ್ಟೋ ಅಷ್ಟು.

ಜಿಎಸ್‌ಟಿ ಬಗ್ಗೆ ಕಟ್ಟುವವರೇ ಹೇಳಲಿ. ನಿಮ್ಮ ಮೊತ್ತಕ್ಕೆ ಸದ್ಯ ಬೇಡ.

---

ಕದ್ರಿ_ಗುಡ್ಡೆ, ಮಂಗಳೂರು

ಜಿಎಸ್‌ಟಿ ನಾನು ಹೇಳುತ್ತೇನೆ, ಕಟ್ಟಿ ಕಟ್ಟಿ ಅಭ್ಯಾಸ ಆಗಿದೆ.

ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ. ಬೇರೆ ರಾಜ್ಯದ ಕಂಪನಿಯಿಂದ ಕಮಿಷನ್ ಬಂದರೂ ಅದೇ ಮಿತಿ, 2017ರ ಅಕ್ಟೋಬರ್‌ನಲ್ಲೇ ಅದಕ್ಕೆ ವಿನಾಯಿತಿ ಬಂದಿದೆ. ನಿಮ್ಮ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಿಮ್ಮ ಪ್ಯಾನ್‌ನಲ್ಲಿ ಬೇರೇನು ಉಂಟೋ ಅದೆಲ್ಲ ಕೂಡುತ್ತದೆ: ವಿಡಿಯೋ ಜಾಹೀರಾತಿನ ದುಡ್ಡು, ಪ್ರಾಯೋಜಕರು ಕೊಟ್ಟದ್ದು, ಅಪ್ಪ ನಿಮ್ಮ ಹೆಸರಿಗೆ ಬರೆದ ಅಂಗಡಿ ಕೋಣೆಯ ಬಾಡಿಗೆ ಕೂಡ. ವಿದೇಶದಿಂದ ಬಂದದ್ದನ್ನೂ ಕೂಡಿಸಬೇಕು. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು.

ನೋಂದಣಿ ಆದ ಮೇಲೆ ಕಮಿಷನ್ ಮೇಲೆ 18%. ದೊಡ್ಡ ಪ್ರೋಗ್ರಾಂಗಳಲ್ಲಿ ಇನ್‌ವಾಯ್ಸ್ ಹಾಕಿದರೆ 18% ಬೇರೆಯಾಗಿ ಕೊಡುತ್ತಾರೆ, ಅವರಿಗೆ ಅದು ಕ್ರೆಡಿಟ್ ಸಿಗುತ್ತದೆ (ಅವರು ಕಟ್ಟುವ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು), ಹಾಗಾಗಿ ಕೊಡಲು ಸಂಕಟ ಇಲ್ಲ. ಕೆಲವರು ಮಾತ್ರ ಒಪ್ಪಂದದಲ್ಲೇ ಕಮಿಷನ್ ಎಲ್ಲ ತೆರಿಗೆ ಸೇರಿ ಅಂತ ಬರೆದಿರುತ್ತಾರೆ. ಅಲ್ಲಿ ಬಂದ 100 ರೂಪಾಯಿಯಲ್ಲಿ 15.25 ನಿಮ್ಮ ಕೈಯಿಂದ ಹೋಗುತ್ತದೆ. ಆ ಒಂದು ಸಾಲು ಓದದೆ ಯಾವ ಪ್ರೋಗ್ರಾಂಗೂ ಸೇರಬೇಡಿ. ಮೇಲಿಂದ ರಿಟರ್ನ್ ಹಾಕಬೇಕು, ವೃತ್ತಿ ತೆರಿಗೆ ವರ್ಷಕ್ಕೆ 2,500 ಕಟ್ಟಬೇಕು. ಲಾಭ ಅಂದರೆ ಹೋಸ್ಟಿಂಗ್, ಜಾಹೀರಾತು, ಲ್ಯಾಪ್‌ಟಾಪಿಗೆ ಕಟ್ಟಿದ ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ನಮಗೆ ಕಮಿಷನ್ ಲೆಕ್ಕ ಹಾಕುವುದು ಸಾಮಾನ್ಯವಾಗಿ ತೆರಿಗೆ ತೆಗೆದ ಬೆಲೆಯ ಮೇಲೆ, ಗಿರಾಕಿ ಕೊಟ್ಟ ಬೆಲೆಯ ಮೇಲೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಬೆಲೆ ಇಳಿದರೆ ನಮ್ಮ ಕಮಿಷನ್ ಕೂಡ ಇಳಿಯುತ್ತದೆ ಅಂತ ಎಷ್ಟೋ ಜನ ಕೊರಗುತ್ತಿದ್ದರು. 30,000 ಮೂಲ ಬೆಲೆಯ ಎಸಿ ಮೊದಲು 38,400ಕ್ಕೆ ಸಿಗುತ್ತಿತ್ತು, ಈಗ 35,400. ನಮ್ಮ ಕಮಿಷನ್ ಆಗಲೂ 30,000ದ ಮೇಲೆ, ಈಗಲೂ 30,000ದ ಮೇಲೆ. ಗಿರಾಕಿಗೆ ಮೂರು ಸಾವಿರ ಉಳಿಯಿತು, ನಮಗೆ ಒಂದೆರಡು ಆರ್ಡರ್ ಜಾಸ್ತಿ ಬಂತು. ಈ ಸೆಕೆಯಲ್ಲಿ ಎಸಿ ಯಾರಿಗೆ ಬೇಡ?

ಡಾಲರ್‌ನಲ್ಲಿ ಬರುವ ಕಮಿಷನ್ ಮಾತ್ರ ನನ್ನ ತಲೆನೋವು. ನಾನು ವಿದೇಶದ ಎರಡು ವೆಬ್‌ಸೈಟ್ ಹೋಸ್ಟಿಂಗ್ ಕಂಪನಿಗಳ ಲಿಂಕ್ ಕೂಡ ಹಾಕುತ್ತೇನೆ. ದುಡ್ಡು ಹೊರಗಿಂದ ಬರುತ್ತದೆ, ರಫ್ತು, ಜಿಎಸ್‌ಟಿ ಸೊನ್ನೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಕಾನೂನಿನಲ್ಲಿ ಮಧ್ಯವರ್ತಿ ಅಂತ ಒಂದು ಮಾತುಂಟು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಕಮಿಷನ್ ತೆಗೆದುಕೊಂಡರೆ ಸೇವೆ ನಡೆದದ್ದು ಇಲ್ಲೇ, ಮಂಗಳೂರಿನಲ್ಲಿ, ಅಂತ ಐಜಿಎಸ್‌ಟಿ (ರಾಜ್ಯ, ದೇಶ ದಾಟುವ ವ್ಯವಹಾರದ ಜಿಎಸ್‌ಟಿ) ಕಾಯ್ದೆಯ 13(8)(ಬಿ) 2025ರಲ್ಲಿ ಹೇಳುತ್ತಿತ್ತು. ಆ ಕಂಪನಿಗಳು 18% ಮೇಲಿಂದ ಕೊಡುವುದಿಲ್ಲ, ಅವರಿಗೆ ನಮ್ಮ ಜಿಎಸ್‌ಟಿ ಎಂತ ಅಂತಲೇ ಗೊತ್ತಿಲ್ಲ. ನಮ್ಮ ಸಿಎ ಸೇಫ್ ಆಗಿ ಕಟ್ಟಿಬಿಡಿ ಅಂದರು, ನಾನು ಕೈಯಿಂದ ಕಟ್ಟುತ್ತಿದ್ದೇನೆ. 2025ರ ಸೆಪ್ಟೆಂಬರ್ 3ರ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಆ ಕಲಮು ತೆಗೆಯಲು ಶಿಫಾರಸು ಆಗಿದೆ.  ಕಾಯ್ದೆ ತಿದ್ದುಪಡಿ ಆಗಿ ಜಾರಿಯಾದ ದಿನ ಗಡ್‌ಬಡ್ ಐಸ್‌ಕ್ರೀಂ ನನ್ನ ಲೆಕ್ಕ.

---

ಮಲ್ಪೆಯ_ಗಾಳಿ

ಗುಡ್ಡೆಯಣ್ಣ, ಒಂದು ಸಂಶಯ. 2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂತಲ್ಲ, ಅಂಗಡಿಯವರು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದೂ ನೋಡಿದ್ದೇವೆ. ನಮಗೂ ಹಾಗೆ ಬರಬಹುದಾ? ನನ್ನ ಅಕೌಂಟಿಗೆ ಗೆಳೆಯರು ರೂಮ್ ಬಾಡಿಗೆಯ ಪಾಲು ಕಳಿಸುತ್ತಾರೆ, ಅದೂ ವ್ಯವಹಾರ ಅಂತ ಲೆಕ್ಕ ಆದರೆ?

---

ಕದ್ರಿ_ಗುಡ್ಡೆ, ಮಂಗಳೂರು

ಆ ನೋಟಿಸ್ ವಾಣಿಜ್ಯ ತೆರಿಗೆ ಇಲಾಖೆಯದ್ದು, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿಯೂ ನೋಂದಣಿ ಮಾಡಿಸಿಲ್ಲ ಅಂತ ಕಂಡವರಿಗೆ. ಗೆಳೆಯರು ಕಳಿಸಿದ ಬಾಡಿಗೆ ಪಾಲು ನಿಮ್ಮ ವ್ಯಾಪಾರ ಅಲ್ಲ, ಕೇಳಿದರೆ ತೋರಿಸಲು ಬರಬೇಕು ಅಷ್ಟೇ. ಕಮಿಷನ್ ಬರುವ ಅಕೌಂಟ್ ಬೇರೆ ಇಟ್ಟುಬಿಡಿ. ಅದರಲ್ಲಿ ಮೀನು, ಪೆಟ್ರೋಲ್, ರೂಮ್ ಬಾಡಿಗೆ ಎಂತದ್ದೂ ಬೇಡ. ವರ್ಷದ ಕೊನೆಗೆ ಸ್ಟೇಟ್‌ಮೆಂಟೇ ಅರ್ಧ ಲೆಕ್ಕ ಆಗುತ್ತದೆ.

ಮತ್ತೆ ಅಂಗಡಿಯವರಿಗಾದರೂ ಕ್ಯಾಶ್ ಅಂತ ಬೋರ್ಡ್ ಹಾಕಲು ಆಗುತ್ತದೆ. ನಮಗೆ ಟಿಡಿಎಸ್ ಹಿಡಿದು ಬರುವ ಪ್ರತಿ ರೂಪಾಯಿ ಕಂಪನಿಯವರು ಪ್ಯಾನ್ ಜೊತೆ ಸರ್ಕಾರಕ್ಕೆ ಹೇಳಿಯೇ ಕೊಡುವುದು. ಅಡಗಿಸಲು ಜಾಗವೇ ಇಲ್ಲ.

---

ಕಾವಲಿ_ಕಡಾಯಿ, ಉಡುಪಿ

ಅಬ್ಬಾ, ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಲೆಕ್ಕಿಗರಿಗೂ ಗುಡ್ಡೆಯವರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ನನ್ನ ಪ್ಯಾನ್ ಮುಟ್ಟಿದರೆ ಜಾಗ್ರತೆ ಅಂದರು.

ಎರಡು ಪ್ರಶ್ನೆ ಉಳಿದಿದೆ. ಒಂದು, ಆಫೀಸಿನ ಎಚ್‌ಆರ್‌ಗೆ ಈ ಆದಾಯ ಹೇಳಲೇಬೇಕಾ? ಎರಡು, ಒಂದು ಕಂಪನಿಯವರು ಕಮಿಷನ್ ಅಲ್ಲದೆ ಒಂದು ಪಾತ್ರೆ ತೊಳೆಯುವ ಮಿಷನ್ ಕಳಿಸಿದ್ದಾರೆ, ಬೆಲೆ 24,000. ರಿವ್ಯೂ ಮಾಡಿ, ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದಿದ್ದಾರೆ. ಇದು ಉಡುಗೊರೆ ಅಲ್ವಾ?

---

ಅತ್ತಾವರದ_ಲೆಕ್ಕಿಗ, ಮಂಗಳೂರು

ಎಚ್‌ಆರ್‌ಗೆ ಹೇಳಲೇಬೇಕು ಅಂತ ತೆರಿಗೆ ಕಾನೂನಿನಲ್ಲಿ ಇಲ್ಲ. ಹೇಳಿದರೆ ಅವರು ಸಂಬಳದಲ್ಲೇ ಟ್ಯಾಕ್ಸ್ ಹಿಡಿಯುತ್ತಾರೆ, ಮುಂಗಡ ತೆರಿಗೆಯ (ವರ್ಷದ ನಡುವೆಯೇ ಕಂತಿನಲ್ಲಿ ನಾವೇ ಕಟ್ಟುವ ತೆರಿಗೆ) ತಾಪತ್ರಯ ತಪ್ಪುತ್ತದೆ. ಆದರೆ ಹೊರಗಿನ ಕೆಲಸ ಮಾಡಬಾರದು ಅಂತ ನಿಮ್ಮ ನೇಮಕಾತಿ ಪತ್ರದಲ್ಲಿ ಉಂಟಾ, ಅದು ಬೇರೆ ವಿಷಯ. ಮೊದಲು ಪತ್ರ ತೆಗೆದು ಓದಿ, ಆಮೇಲೆ ತೀರ್ಮಾನಿಸಿ.

ಮಿಷನ್ ಉಡುಗೊರೆ ಅಲ್ಲ. ವ್ಯವಹಾರದಿಂದ ಸಿಕ್ಕಿದ ಪ್ರಯೋಜನ. 2022ರ ಜುಲೈ 1ರಿಂದ 194ಆರ್ ಸೆಕ್ಷನ್ ಬಂದಿದೆ, ಒಂದು ಕಂಪನಿಯಿಂದ ವರ್ಷಕ್ಕೆ 20,000 ದಾಟಿದ ಸಾಮಾನು ಸಿಕ್ಕಿದರೆ 10% ಟಿಡಿಎಸ್. ನಿಮ್ಮದಕ್ಕೆ 2,400. ದುಡ್ಡಿನ ರೂಪದಲ್ಲಿ ಕೊಡದ್ದರಿಂದ ಆ 2,400 ಕಟ್ಟಿ ಚಲನ್ ತೋರಿಸಿ ಅಂತ ಅವರೇ ನಿಮ್ಮನ್ನು ಕೇಳಬಹುದು.

ಅದು ದೊಡ್ಡ ವಿಷಯ ಅಲ್ಲ. ಮೇಲೆ ಹಾಕಿದ ಲೆಕ್ಕಕ್ಕೆ ಈ 24,000 ಸೇರಿಸಿ ನೋಡಿ. ಒಟ್ಟು ಆದಾಯ 12,29,000. ಅಂದರೆ 12 ಲಕ್ಷದ ಮೇಲೆ 29,000, ಅದಷ್ಟೂ ಟ್ಯಾಕ್ಸ್, ಸೆಸ್ ಸೇರಿ 30,160. ಮಿಷನ್ ಇಲ್ಲದಿದ್ದರೆ 5,200 ಇತ್ತು. 24,000ದ ಮಿಷನ್‌ಗೆ ನೀವು ಕಟ್ಟುವ ಟ್ಯಾಕ್ಸ್ 24,960. ಅಂಗಡಿಗೆ ಹೋಗಿ ಕೊಂಡಿದ್ದರೆ ಇದಕ್ಕಿಂತ ಕಮ್ಮಿಗೆ ಬರುತ್ತಿತ್ತು. ವ್ಯವಹಾರಕ್ಕೇ ಬಳಸಿದರೆ ಸವಕಳಿ ಸಿಗುತ್ತದೆ, ನಿಜ, ಆದರೆ ಅದರಲ್ಲಿ ತೊಳೆಯುವುದು ಮನೆಯ ಪಾತ್ರೆ ತಾನೇ?

ಮುಂಗಡ ತೆರಿಗೆಯೂ ಇದರ ಮೇಲೇ ನಿಂತಿದೆ. ಟಿಡಿಎಸ್ ಕಳೆದು 10,000 ಅಥವಾ ಜಾಸ್ತಿ ಬಾಕಿ ಇದ್ದರೆ ಮಾತ್ರ ಮುಂಗಡ ತೆರಿಗೆ. ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ ಒಟ್ಟು 45%, ಡಿಸೆಂಬರ್ 15ಕ್ಕೆ ಒಟ್ಟು 75%, ಮಾರ್ಚ್ 15ಕ್ಕೆ ಪೂರ್ತಿ. ತಪ್ಪಿದರೆ ತಿಂಗಳಿಗೆ 1% ಬಡ್ಡಿ. ಮಿಷನ್ ಇಟ್ಟುಕೊಂಡರೆ ನಿಮ್ಮ ಬಾಕಿ 14,960, ಡಿಸೆಂಬರ್ 15ರೊಳಗೆ 11,220 ಕಟ್ಟಿ. ವಾಪಸ್ ಕಳಿಸಿದರೆ ಕಟ್ಟುವುದೇ ಬೇಡ. ಬಳಸಿ ವಾಪಸ್ ಕೊಟ್ಟ ಸಾಮಾನು ಪ್ರಯೋಜನ ಅಲ್ಲ ಅಂತ 2022ರಲ್ಲೇ ಇಲಾಖೆಯ ಸುತ್ತೋಲೆ ಉಂಟು. ಕೊರಿಯರ್ ರಸೀದಿ ಇಟ್ಟುಕೊಳ್ಳಿ, ತಲುಪಿತು ಅಂತ ಅವರಿಂದ ಒಂದು ಮೇಲ್ ತರಿಸಿಕೊಳ್ಳಿ.

ಅಂದಹಾಗೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರೆಲ್ಲ ಬೇರೆ. 2025-26ರ ಆದಾಯಕ್ಕೆ ಹಳೇ ನಂಬರುಗಳೇ.

---

ಕಾವಲಿ_ಕಡಾಯಿ, ಉಡುಪಿ

24,960!! ವಿಡಿಯೋ ಈ ಆದಿತ್ಯವಾರ ಮುಗಿಸಿ ಸೋಮವಾರವೇ ಕಳಿಸುತ್ತೇನೆ. ಎನ್‌ಪಿಎಸ್ ಬಗ್ಗೆ ನಾಳೆ ಎಚ್‌ಆರ್ ಹತ್ತಿರ ಕೇಳುತ್ತೇನೆ, ಚಾನೆಲ್ ಸುದ್ದಿ ಎತ್ತದೆ.

---

ಪಡುಬಿದ್ರಿ_ಎಕ್ಸ್‌ಪ್ರೆಸ್

ವಾಪಸ್ ಯಾಕೆ ಅಕ್ಕ, ಪಡುಬಿದ್ರಿಗೆ ಕಳಿಸಿ. ನಮ್ಮ ಮನೆಯಲ್ಲಿ ಪಾತ್ರೆ ತುಂಬಾ ಉಂಟು.

---

ಅತ್ತಾವರದ_ಲೆಕ್ಕಿಗ, ಮಂಗಳೂರು

ಕಳಿಸಬಹುದು. ಪಾತ್ರೆ ನಿಮ್ಮದು, ಟ್ಯಾಕ್ಸ್ ಮಾತ್ರ ಅವರದ್ದೇ ಆಗುತ್ತದೆ.